ಶೇಪಿಗಿ ಬಂದ ಸಕ್ರಿ ನವಿಲ

ಒಂದು ಗುಟ್ಟ ಹೇಳತೇನಿ, ನಿಮ್ಮ ಹೊಟ್ಟ್ಯಾಗ ಇರಲಿ. ನನಗ ಇಂಗ್ಲಿಷ್ ಬರೂದಿಲ್ಲ. ಅಗದೀ ಏನೂ ಬರೂದಿಲ್ಲ ಅಂತಲ್ಲ, ಒಂದು ಶಬ್ದ ಬರತೈತಿ. ಆದ್ರ ಆ ಒಂದು ಶಬ್ದ ನನಗ ಎಷ್ಟು ಚಂದ ಬರತೈತಿ ಅಂದ್ರ, ದೊಡವಾಡದ ಅರ್ಧ ಮಂದಿ ನಾನು ಇಂಗ್ಲಿಷ್ ಪೂರಾ ಕಲತು ಮುಗಿಸಿ ಈಗ ಸುಮ್ನ ಕುಂತೇನಿ ಅಂತ ತಿಳಕೊಂಡಾರ. ಉಳಿದ ಅರ್ಧ ಮಂದಿ ಹೊಲಕ್ಕ ಹೋಗಿರತಾರ, ಅವರಿಗಿನ್ನೂ ಸುದ್ದಿ ಮುಟ್ಟಿಲ್ಲ. ಆ ಶಬ್ದ ಯಾವುದಪಾ ಅಂದ್ರ, ಶೇಪ್.

ಅದು ನನಗ ಹೆಂಗ ಸಿಕ್ತು ಅಂತ ಹೇಳತೇನಿ. ನಾನು ಬೈಲಹೊಂಗಲದಾಗ ಪಿಯುಸಿ ಮೊದಲನೇ ವರ್ಷ, ಸೈನ್ಸು. ದಿನಾ ಮುಂಜಾನಿ ದೊಡವಾಡದಿಂದ ಬಸ್ಸಿನ್ಯಾಗ ಹೋಗತೇನಿ. ಹೋಗತೇನಿ ಅನ್ನೂಕಿಂತ ತೇಲತೇನಿ ಅಂದ್ರ ಸರಿ, ಯಾಕಂದ್ರ ಆ ಬಸ್ಸಿನ್ಯಾಗ ನಮ್ಮ ಕಾಲು ನೆಲಕ್ಕ ಮುಟ್ಟೂದು ಇಳಿಯೂ ಹೊತ್ತಿಗೇನ. ಒಂದಿನ ಬಸ್ ತಪ್ಪಿ, ಮುಂದಿನ ಬಸ್ಸಿಗಿ ಭಾಳ ಹೊತ್ತಿತ್ತು ಅಂತ ಕಾಲೇಜಿನ ಲೈಬ್ರರಿಯಾಗ ಕುಂತೆ. ಅಲ್ಲೆ ಒಂದು ಡಿಕ್ಷನರಿ ಇತ್ತು. ಎತ್ತಿದ್ರ ಒಳ್ಳೆ ಎರಡು ಕಿಲೋ ಬೆಲ್ಲದ ಪೆಂಟಿ ಎತ್ತಿದಂಗ. ಸುಮ್ನ ತಗದೆ. ಒಂದು ಶಬ್ದಕ್ಕ ಒಂದು ಪುಟಾನ ಕೊಟ್ಟಿದ್ರು. ನಾ ಅಂದೆ, ಎಲಾ ಇವನ, ಒಂದ ಶಬ್ದ ಕಲತ್ರ ಒಂದು ಪುಟದಷ್ಟು ಶಾಣ್ಯಾತನ ಸಿಗತೈತಿ ಅಂದಮ್ಯಾಲ ಬ್ಯಾರೆ ಶಬ್ದ ಯಾಕ ಕಲೀಬೇಕು?

ಆ ಪುಟದಾಗ ಏನೇನಿತ್ತು ಅಂತೀರಿ. ಒಂದು ಸಾಮಾನು ಹೊರಗಿಂದ ನೋಡಾಕ ಹೆಂಗ ಕಾಣತೈತಿ, ದುಂಡಗೋ ಉದ್ದಕೋ, ಅದು ಶೇಪ್. ಮಣ್ಣು, ಕಟ್ಟಿಗಿ, ಸಕ್ರಿ ಏನರ ತಗೊಂಡು ಒಂದು ರೂಪಕ್ಕ ತರೂದು, ಅದೂ ಶೇಪ್. ಇಷ್ಟಕ್ಕ ಮುಗೀತು ಅಂದ್ಕೊಂಡ್ರ ಇಲ್ಲ. ಮನಿಷ್ಯಾ ಗಟ್ಟಿಮುಟ್ಟಿದ್ರ ಶೇಪಿನ್ಯಾಗ ಅದಾನ ಅಂತಾರಂತ. ಹೊಟ್ಟಿ ಬಂದ್ರ ಶೇಪ್ ಹೋತು ಅಂತಾರಂತ. ತಲ್ಯಾಗಿನ ವಿಚಾರ ಮೆಲ್ಲಕ ಕೂಡಿಬಂದ್ರ ಶೇಪ್ ತಗೊಂತು ಅಂತಾರಂತ. ಉಡಾಳಗ ಇನ್ನರೆ ನೆಟ್ಟಗಾಗು ಅಂತ ಬೈಯೂದಿದ್ರೂ ಇದ ಶಬ್ದಾನ. ಇಂಗ್ಲಿಷ್ ಮಂದಿ ಭಾಳ ಕಾಟಕಸರಿನ ಮಂದಿ ಅನಸ್ತು. ನಮ್ಮ ಅವ್ವ ಒಂದ ಪಾತ್ರಿಯಾಗ ಹಾಲು ಕಾಸಿ, ಅದರಾಗ ಚಾ ಮಾಡಿ, ತೊಳದು ಅದರಾಗನ ಅನ್ನಕ್ಕ ಇಟ್ಟಂಗ, ಒಂದ ಶಬ್ದದಾಗ ಇಡೀ ಸಂಸಾರ ನಡಸಾಕ ಹತ್ಯಾರ.

ಮರುದಿನದಿಂದ ನಾ ಶೇಪ್ ಅನ್ನಾಕ ಶುರು ಮಾಡಿದೆ. ಅನ್ನಾಕ ಹತ್ತಿದಮ್ಯಾಲ ಗೊತ್ತಾತು, ಆ ಶಬ್ದ ನನಕಿಂತ ಮೊದಲ ನಮ್ಮೂರಿಗಿ ಬಂದು ಮನಿ ಮಾಡಿತ್ತು. ಬೈಲಹೊಂಗಲದಾಗ ಬ್ಲೌಸ್ ಹೊಲಿಯೂ ಅಕ್ಕಾ ಸೂಜಿ ಬಾಯಾಗ ಹಿಡಕೊಂಡು, "ಹಿಂದ ಸ್ವಲ್ಪ ಶೇಪ್ ಹಿಡೀಲೇನು?" ಅಂತಾಳ. ಕಟಿಂಗ್ ಅಂಗಡಿಯಾಗ ನಮ್ಮ ಅಣ್ಣಗ ಗಡ್ಡದ ಶೇಪ್ ಮಾಡತಾರ. ಅದನ್ನ ಮಾಡಿಸಿಕೊಂಡು ಬಂದಾಗೊಮ್ಮೆ ಅವ ಎರಡು ತಾಸು ಯಾರ ಕೂಡಾನೂ ಮಾತಾಡೂದಿಲ್ಲ, ಮಾರಿ ಅಲುಗಾಡಿದ್ರ ಗಡ್ಡ ಚೆಲ್ಲತೈತೋ ಏನೋ ಅನ್ನುವಂಗ ನಡೀತಾನ. ಹೊಲದ ಬದು ಹಾಕಾಕ ಬಂದ ಜೆಸಿಬಿ ಡ್ರೈವರ್ ಸೈತ ಕೆಳಗಿಳದು ಸೊಂಟದ ಮ್ಯಾಲ ಕೈಯಿಟ್ಟು ನೋಡಿ, "ಈಗ ಬಂತ ನೋಡ್ರಿ ಶೇಪ್" ಅಂದಿದ್ದ. ಅಂದ್ರ ಎಲ್ಲಾರ ಕಡೆ ಒಂದೊಂದು ಚೂರು ಶೇಪ್ ಇತ್ತು. ಪೂರಾ ಪುಟ ಇದ್ದಾಕಿ ನಾ ಒಬ್ಬಾಕಿ.

ಇಷ್ಟು ಶಾಣ್ಯಾತನ ಇಟಗೊಂಡು ಸುಮ್ನ ಇರೂದು ಹೆಂಗ? ನಮ್ಮ ಕಾಕಾ ಎತ್ತಿನ ಕೋಡು ಹೆರಸಾಕ ಒಬ್ಬ ಮುತ್ಯಾನ ಕರಿಸಿದ್ದ. ಕೋಡಿನ ಮ್ಯಾಲಿನ ಹೆಕ್ಕಳಿಕಿ ತಗದು ನುಣ್ಣಗ ಮಾಡೂದು ಆ ಮುತ್ಯಾನ ಕಸುಬು. ನಾ ಅಲ್ಲಿ ಹೋಗಿ ನಿಂತು, ಎಡಗೋಡಿನ ಶೇಪ್ ಯಾಕೋ ಬರಲಿಲ್ಲ ಮುತ್ಯಾ ಅಂದೆ. ಮುತ್ಯಾ ಎಡಗಡೆ ಹೆರದ. ಹೆರದಮ್ಯಾಲ ಬಲಗಡೆದು ದಪ್ಪ ಕಾಣಾಕ ಹತ್ತಿತು, ಹೇಳಿದೆ. ಬಲಗಡೆ ಹೆರದ. ಹಿಂಗ ನಾಕೈದು ಸಲ ಆದಮ್ಯಾಲ ಕಾಕಾ ಓಡಿ ಬಂದು, ಇನ್ನ ಒಂದು ಸಲ ನೀ ಬಾಯಿ ತಗದ್ರ ಎತ್ತಿನ ತಲಿಮ್ಯಾಲ ಎರಡು ಪೆನ್ಸಿಲ್ ಉಳೀತಾವ, ನಡಿ ಮನಿಗಿ ಅಂತ ನನ್ನ ಅಟ್ಟಿದ. ಎತ್ತು ಮಾತ್ರ ನನ್ನ ಕಡೆ ಭಾಳ ಗೌರವದಿಂದ ನೋಡಿತು. ಇದು ನನ್ನ ಅಂದಾಜು.

ಮನಿಯಾಗ ನನ್ನ ಕಣ್ಣು ರೊಟ್ಟಿ ಮ್ಯಾಲ ಬಿತ್ತು. ನಮ್ಮ ಅವ್ವ ರೊಟ್ಟಿ ಬಡದ್ರ ಪರಾತ ಬೋರಲ ಹಾಕಿ ಗೆರಿ ಕೊರದಂಗ ದುಂಡಗ ಬರತಾವ. ಅದರಾಗ ತಪ್ಪು ಹುಡಕೂದು ಕಷ್ಟದ ಕೆಲಸ, ಆದ್ರ ಕಷ್ಟಕ್ಕ ಅಂಜಿ ಓಡಾಕಿ ನಾ ಅಲ್ಲ. ಊಟಕ್ಕ ಕುಂತ ಕೂಡಲೇ ರೊಟ್ಟಿ ಎತ್ತಿ ಬೆಳಕಿಗಿ ಹಿಡದು, ಒಂದು ಕಣ್ಣು ಮುಚ್ಚಿ, "ಶೇಪಿಗಿ ಹತ್ತಕ್ಕ ಎಂಟು" ಅಂತಿದ್ದೆ. ಅವ್ವ ಒಂದು ವಾರ ತಡಕೊಂಡ್ಲು. ಆಮ್ಯಾಲ ಒಂದಿನ, ಎಂಟು ಬಂದ ರೊಟ್ಟಿ ಕೆಳಗಿಡು ಪೂರ್ಣಿ, ಹತ್ತು ಬಂದಿದ್ದನ್ನ ನೀನ ಬಡಕೊಂಡು ತಿನ್ನು ಅಂದ್ಲು. ಅವತ್ತು ಎಲ್ಲಾ ರೊಟ್ಟಿಗೂ ಹತ್ತಕ್ಕ ಹತ್ತು ಬಂದ್ವು. ಅಣ್ಣ ಬಿದ್ದು ಬಿದ್ದು ನಕ್ಕ. ನಕ್ಕು ಎದ್ದು, ಫೋನ್ ತಗೊಂಡು ಹಿತ್ತಲಕ್ಕ ಹೋದ.

ಫೋನ್ ಯಾರಿಗಂದ್ರ ನಮ್ಮ ಆಗೂ ವೈನಿಗಿ. ಅಣ್ಣಂದು ಬೈಲಹೊಂಗಲದಾಗ ಪಂಪಸೆಟ್ ರಿಪೇರಿ ಅಂಗಡಿ ಐತಿ. ದೀಪಾವಳಿಕಿಂತ ಮೊದಲ ಅವಗ ರಾಮದುರ್ಗ ತಾಲೂಕಿನ ಸಾಲಹಳ್ಳಿ ಹುಡುಗಿ ಗಟ್ಟಿ ಆಗಿತ್ತು. ಸುವರ್ಣಾ ಅಂತ ಹೆಸರು. ನೋಡಾಕ ಹೋದಾಗ ಆಕಿ ಚಾದ ತಾಟು ಇಟ್ಟು, ನೆಲಾ ನೋಡಿ, ಹೂಂ ಅಂದು ಒಳಗ ಹೋಗಿದ್ಲು. ಆಮ್ಯಾಲ ತಿಂಗಳ ಬಿಟ್ಟು ನಿಶ್ಚಯಕ್ಕ ಹೋದಾಗ ನಾ ಮಾತಾಡಸಾಕ ಹೋದ್ರ ನನ್ನ ನೋಡಿ ಎರಡು ಹೆಜ್ಜಿ ಹಿಂದ ಸರದಿದ್ಲು. ನಾ ಅದಕ್ಕ, ಪಾಪ ನನ್ನ ತೇಜ ತಡಿಯಾಕ ಆಗಲಿಲ್ಲ ಅಂತ ತಿಳಕೊಂಡಿದ್ದೆ.

ಗೌರಿ ಹುಣ್ಣಿವಿ ಬಂತು. ಅವತ್ತ ಗಟ್ಟಿ ಆದ ಹುಡುಗಿಗಿ ಗಂಡಿನ ಮನ್ಯಾಗಿಂದ ಸೀರಿ, ಹೂವಿನ ದಂಡಿ, ಜೋಡಿಗಿ ಸಕ್ರಿ ಆರತಿ ಒಯ್ಯಬೇಕು. ಆರತಿ ಅಂದ್ರ ಸಕ್ರಿ ಗೊಂಬಿ. ನವಿಲು, ಗಿಳಿ, ಆನಿ, ಒಂಟಿ, ಬಸವಣ್ಣ, ತುಳಸಿಕಟ್ಟಿ. ಸಕ್ರಿ ಪಾಕ ಕಾಸಿ ಕಟ್ಟಿಗಿ ಅಚ್ಚಿನ್ಯಾಗ ಹಾಕಿ ತಗಿಯೂದು. ಈಗ ಪ್ಯಾಟ್ಯಾಗ ರೆಡಿ ಸಿಗತಾವ, ಆದ್ರ ನಮ್ಮ ಅವ್ವ ಹಟ ಹಿಡದ್ಲು. ಮೊದಲನೇ ಸೊಸಿ, ಮೊದಲನೇ ಆರತಿ, ಬೀಗರ ಮನಿ ಹೆಣಮಕ್ಕಳು ಒಂದೊಂದ ಗೊಂಬಿ ಕೈಯಾಗ ಹಿಡದು ತಿರುವಿ ನೋಡತಾರ, ಪ್ಯಾಟಿ ಮಾಲು ಒಯ್ದು ಮಾನಾ ಕಳಕೊಳ್ಳೂದಿಲ್ಲ ಅಂದ್ಲು. ಅಣ್ಣ ನನ್ನ ಬಾಜೂಕ ಕರದು, ಪೂರ್ಣಿ, ನಿನ್ನ ಕಾಲಿಗಿ ಬೀಳತೇನಿ, ಇದರಾಗ ನಿನ್ನ ಶಾಣ್ಯಾತನ ತೋರಸಬ್ಯಾಡ ಅಂದ. ಕಾಲಿಗಿ ಬೀಳತೇನಿ ಅಂದಾಂವ ಬೀಳಲಿಲ್ಲ. ಬಿದ್ದಿದ್ರ ನಾ ಮಾತು ಕೇಳತಿದ್ದೆನೋ ಏನೋ.

ಅಚ್ಚು ನಮ್ಮ ಓಣ್ಯಾಗ ಇರೂದು ನೀಲವ್ವ ದೊಡ್ಡವ್ವನ ಮನಿಯಾಗ ಅಷ್ಟ. ಹುಣ್ಣಿವಿ ಬಂತಂದ್ರ ಅವು ಮನಿಮನಿ ತಿರಗತಾವ. ಒಂದೊಂದು ಅಚ್ಚಿಗಿ ಎರಡೆರಡು ಹೋಳು. ಒಂದು ಹೋಳಿನ್ಯಾಗ ಪ್ರಾಣಿಯ ಎಡಗಡೆ ಮೈ ಕೊರದಿರತಾರ, ಇನ್ನೊಂದರಾಗ ಬಲಗಡೆ ಮೈ. ಎರಡೂ ಕೂಡಿಸಿ ಬಿಗಿದು ಕಟ್ಟಿ, ತಳದ ತೂತಿನ್ಯಾಗ ಪಾಕ ಹೊಯ್ದ್ರ ಪೂರಾ ಪ್ರಾಣಿ ಆತು. ದೊಡ್ಡವ್ವ ಪ್ರತಿಯೊಂದು ಜೋಡಿನೂ ಬ್ಯಾರೆ ಬ್ಯಾರೆ ಬಣ್ಣದ ಸೀರಿ ಅಂಚಿನ ದಾರದಾಗ ಕಟ್ಟಿ ಕೊಟ್ಟಿದ್ಲು. ಕೊಡೂವಾಗ ಹೇಳಿದ್ದ ಒಂದ ಮಾತು: ನೀರಿನ್ಯಾಗ ನೆನಿ ಇಡೂವಾಗ ದಾರ ಬಿಚ್ಚಬ್ಯಾಡ. ನಾ ಹೂಂ ಅಂದೆ. ಹೂಂ ಅನ್ನೂದರಾಗ ನನ್ನಷ್ಟು ಹುಷಾರ ಹುಡುಗಿ ಊರಾಗ ಇಲ್ಲ.

ಆದ್ರ ಕಟ್ಟಿದ ಅಚ್ಚಿನ ವಿಡಿಯೋ ತಗದ್ರ ಏನು ಕಾಣತೈತಿ ಹೇಳ್ರಿ, ಕಟ್ಟಿಗಿ ತುಂಡು ಕಂಡಂಗ. ನನ್ನ ಗೆಳತ್ಯಾರಿಗಿ ತೋರಸಬೇಕಿತ್ತು, ಒಳಗಿನ ಕೊರದ ಶೇಪ್ ಕಾಣಬೇಕಿತ್ತು. ಹಂಗಾಗಿ ಎಲ್ಲಾ ದಾರ ಬಿಚ್ಚಿ, ಎಲ್ಲಾ ಹೋಳು ಬೋಗಾಣಿ ನೀರಾಗ ಹೂವು ತೇಲಿ ಬಿಟ್ಟಂಗ ಬಿಟ್ಟು, ನನ್ನ ಕೈ ಬಳಿ ಕಾಣುವಂಗ ವಿಡಿಯೋ ಮಾಡಿ ಹಾಕಿದೆ. ಹಿಂದ ನಾನ ಮಾತಾಡೇನಿ: ಇದು ಶೇಪಿನ ವಿದ್ಯಾ, ಎಲ್ಲಾರಿಗೂ ಬರೂದಿಲ್ಲ. ಮುಂಜಾನೆದ್ದು ಜೋಡಿ ಕೂಡಸಾಕ ಕುಂತೆ. ನೆನದ ಕಟ್ಟಿಗಿ ಕರ್ರಗ ಆಗಿತ್ತು, ಎಲ್ಲಾ ಒಂದ ಅಳತಿ, ಒಬ್ಬ ಬಡಿಗ್ಯಾ ಮಾಡಿದ್ದು. ಆನಿ ಸೊಂಡಿಲಿದ್ದ ಕೂಡಲೇ ಸಿಕ್ತು, ಗಿಳಿ ಸಿಕ್ತು. ಉಳಿದದ್ದನ್ನ ನನಗಿದ್ದ ಶೇಪಿನ ಜ್ಞಾನದ ಮ್ಯಾಲ ಕೂಡಿಸಿ, ಸೈಕಲ್ ಟ್ಯೂಬಿನ ರಬ್ಬರ್ ಹಾಕಿ ಬಿಗದೆ. ಯಾರನ್ನೂ ಕೇಳಲಿಲ್ಲ. ಒಂದು ಪುಟ ಪೂರಾ ಓದಿದಾಕಿ ಯಾರನ್ನ ಕೇಳಬೇಕು?

ಅವ್ವ ಒಲಿ ಮುಂದ ಕುಂತು ಸಕ್ರಿಗಿ ಹಾಲು ಬಿಟ್ಟು, ಮ್ಯಾಲ ಬಂದ ಹೊಲಸು ತಗದು, ಪಾಕ ಬೆಳ್ಳಗಾಗೂಮಟ ತಿರುವಿ ತಿರುವಿ ಕೊಡತಿದ್ಲು. ನಾ ಆಕಿ ಬೆನ್ನ ಹಿಂದ ಕುಂತು ಹೊಯ್ಯೂದು, ಆರಿದ ಮ್ಯಾಲ ಬಿಚ್ಚೂದು. ಆನಿ ಚಂದ ಬಂತು. ಗಿಳಿ, ಬಸವಣ್ಣ, ತುಳಸಿಕಟ್ಟಿ ಎಲ್ಲಾ ಚಂದ ಬಂದ್ವು. ಆಮ್ಯಾಲ ಇನ್ನೊಂದು ಅಚ್ಚು ಬಿಚ್ಚಿದೆ. ಈ ಕಡಿಂದ ನೋಡಿದ್ರ ನವಿಲು. ಗರಿ, ತಲಿಮ್ಯಾಲಿನ ಕಲಗಿ, ಕಣ್ಣು, ಎಲ್ಲಾ ಐತಿ. ತಿರುವಿದ್ರ ಒಂಟಿ. ನಾ ಕಣ್ಣ ತಿಕ್ಕೊಂಡು ಮತ್ತ ತಿರುವಿದೆ. ನವಿಲು. ಮತ್ತ ತಿರುವಿದೆ. ಒಂಟಿ, ಅದೂ ನನ್ನ ನೋಡಿ ನಗೂ ಒಂಟಿ. ನವಿಲಿನ ಬೆನ್ನ ಮ್ಯಾಲ ಒಂಟಿ ಡುಬ್ಬ ಗುಡ್ಡದಂಗ ಎದ್ದಿತ್ತು. ಒಂದು ಹಿಂಗ ಆಗೇತಿ ಅಂದ್ರ ಇನ್ನೊಂದೂ ಹಿಂಗ ಆಗಿರಬೇಕಲ್ಲ. ಬಿಚ್ಚಿದೆ. ಆಗಿತ್ತು.

ಅವ್ವ ತಿರುಗೂದರಾಗ ಏನರ ಮಾಡಬೇಕಿತ್ತು. ಕೈಗಿ ಬಂದ ಎರಡನೇದ್ದನ್ನ ಸೆರಗಿಲ್ಲದ ಡ್ರೆಸ್ಸಿನ್ಯಾಗ ಎಲ್ಲಿ ಮುಚ್ಚಿಡೂದು? ತಿಂದೆ. ಒಂಟಿ ತಲಿಂದ ಶುರು ಮಾಡಿ ನವಿಲಿನ ಬಾಲದಮಟ ತಿಂದೆ. ಒಂದು ಒಳ್ಳೆ ಮುಷ್ಟಿ ದಪ್ಪ ಸಕ್ರಿ. ಹಲ್ಲು ಜುಂ ಅಂದ್ವು, ಗಂಟಲಾಗ ಒಂಟಿ ಕಾಲು ಅಡ್ಡ ನಿಂತು ಕಣ್ಣಾಗ ನೀರು ಬಂದ್ವು. ಅವ್ವ ಹೊಗಿ ಹತ್ತಿತೇನ ಅಂತ ಕೇಳಿದ್ಲು. ಬಾಯಿ ತುಂಬ ಸಕ್ರಿ ಇಟಗೊಂಡು ತಲಿ ಅಲ್ಲಾಡಿಸಿದೆ. ಇನ್ನೊಂದನ್ನೂ ತಿಂದು ಪಾರಾಗತಿದ್ದೆ, ಆದ್ರ ಸಕ್ರಿ ಮುಗದಿತ್ತು, ತಾಟಿನ ನಡುವ ಇಡಾಕ ನವಿಲ ಬೇಕು ಅಂತ ಅವ್ವ ಮೊದಲ ಹೇಳಿಬಿಟ್ಟಿದ್ಲು. ಹಂಗಾಗಿ ನವಿಲಿನ ಮಾರಿ ಮುಂದ ಮಾಡಿ ತಾಟಿನ ನಡುವ ನಿಲ್ಲಿಸಿ, ಡುಬ್ಬದ ಮ್ಯಾಲ ಒಂದು ದೊಡ್ಡ ಸೇವಂತಿಗಿ ಹೂವು ಸಿಗಿಸಿದೆ. ಅವ್ವ ಬಂದು ನೋಡಿ, ಹೂವು ಇಟ್ಟಿದ್ದು ಛಲೋ ಆತು ನೋಡು, ಎಷ್ಟು ಕಳಾ ಬಂತು ಅಂತ ನನ್ನ ಬೆನ್ನು ತಟ್ಟಿದ್ಲು. ತಟ್ಟಿದ ರಭಸಕ್ಕ ಒಂಟಿ ಕಾಲು ಕೆಳಗಿಳೀತು.

ಬಾಡಗಿ ಗಾಡಿಯಾಗ ಅವ್ವ, ನೀಲವ್ವ ದೊಡ್ಡವ್ವ, ನಾನು, ನಮ್ಮ ತೊಡಿ ಮ್ಯಾಲ ತಾಟು. ಅವ್ವ ದಾರಿ ತುಂಬ ಡ್ರೈವರ್‌ಗ ಮೆಲ್ಲಕ ಹೋಗೋ ತಮ್ಮಾ ಅನ್ನಾಕಿ. ನಾ ಮನಸಿನ್ಯಾಗ ಜೋರ ಹೋಗಪಾ ಅನ್ನಾಕಿ. ಒಂದ ಒಂದು ತಗ್ಗು ಸಿಕ್ರ ಸಾಕು, ನವಿಲು ಮುರದು ಚೂರಾಗಿ, ತಪ್ಪೆಲ್ಲಾ ರಸ್ತಾದ ಮ್ಯಾಲ ಹೋಗತಿತ್ತು. ಮುನವಳ್ಳಿ ದಾಟಿ, ನವಿಲುತೀರ್ಥದ ಡ್ಯಾಮಿನ ಕಡೆ ಹೊಳ್ಳೂ ಫಾಟಾ ಬಂದಾಗ, ಈ ಹೆಸರಿನ ಊರಿನ ಮುಂದಾದ್ರೂ ಇದು ನಾಚಿ ಬಿದ್ದೀತು ಅಂತ ಆಸೆ ಇತ್ತು. ತಗ್ಗು ಬಂದ್ವು, ಬರಲಿಲ್ಲ ಅಂತಲ್ಲ. ಒಂದು ತಗ್ಗಿನ್ಯಾಗ ಗಿಳಿಯ ಮೂಗು ಹೋತು. ಇನ್ನೊಂದರಾಗ ಆನಿ ಬಾಲ ಹೋತು. ನನ್ನ ನವಿಲು ಮಾತ್ರ ಅಲ್ಲಾಡಲಿಲ್ಲ. ಎರಡು ಪ್ರಾಣಿ ಜೀವಾ ಒಂದರಾಗ ಇದ್ರ ಅಷ್ಟು ಗಟ್ಟಿ ಇರತೈತೋ ಏನೋ.

ಸಾಲಹಳ್ಳ್ಯಾಗ ಬೀಗರ ಪಡಸಾಲಿ ತುಂಬ ಹೆಣಮಕ್ಕಳು. ತಾಟು ನಡುವ ಇಟ್ರು. ವೈನಿ ಹೊಸಾ ಸೀರಿ ಉಟಗೊಂಡು, ದಂಡಿ ಕಟಗೊಂಡು, ಮತ್ತ ನೆಲಾ ನೋಡಾಕ ಕುಂತ್ಲು. ಬೀಗತಿ, ಅಂದ್ರ ವೈನಿಯ ಅವ್ವ, ಆರತಿ ಭಾಳ ಚಂದ ಅದಾವ, ಯಾರು ಮಾಡಿದ್ರು ಅಂದ್ರು. ಬಾಯಿ ಮುಚಗೊಂಡು ಕುಂದ್ರು ಅಂತ ನನ್ನ ಬುದ್ಧಿ ಹೇಳತಿತ್ತು. ಆದ್ರ ನನ್ನ ಬುದ್ಧಿಗೂ ನನ್ನ ಬಾಯಿಗೂ ಮೊದಲಿಂದ ಮಾತಿಲ್ಲ. ಎಲ್ಲಾ ನಾನ ಮಾಡೇನ್ರಿ ಅಂದೆ. ಅವ್ವ ಬರೇ ಪಾಕಾ ತಿರಿವ್ಯಾಳ್ರಿ, ಶೇಪ್ ಪೂರಾ ನಂದ ಅಂದೆ. ಹೆಣಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿದ್ರು. ವೈನಿ ಅವತ್ತ ಮೊದಲನೇ ಸಲ ತಲಿ ಎತ್ತಿ ನನ್ನ ಕಡೆ ನೋಡಿ, ಮತ್ತ ತಟ್ಟನ ಕೆಳಗ ಹಾಕಿದ್ಲು.

ವೈನಿಗಿ ಒಬ್ಬ ಅಜ್ಜಿ ಅದಾರ, ಮನಿಯಾಗ ಎಲ್ಲಾರೂ ಆಯಿ ಅಂತಾರ. ಅವರಿಗಿ ಕಣ್ಣು ಭಾಳ ಮಬ್ಬು. ಹಂಗಾಗಿ ಅವರು ನೋಡೂದು ಕೈಲೆ. ಎಲ್ಲಾರೂ ಒಂದೊಂದ ಗೊಂಬಿ ನೋಡಿ ಆಯಿ ಕೈಯಾಗ ಕೊಟ್ರು. ಆಯಿ ಕೈಬಟ್ಟಿಲೆ ಸವರಿ, ಇದು ಬಸವಣ್ಣ, ಇದು ಆನಿ, ಪಾಪ ಬಾಲಿಲ್ಲ ಅಂತ ಹೇಳಿ ಮುಂದ ಕೊಡತಿದ್ರು. ಪಡಸಾಲ್ಯಾಗ ಕಣ್ಣಿದ್ದವರು ಹತ್ತು ಮಂದಿ ನನ್ನ ನವಿಲನ್ನ ತಾಟಿನ್ಯಾಗ ಮುಂದಿಂದ ಅಷ್ಟ ನೋಡಿ ಚಂದ ಐತಿ ಅಂದಿದ್ರು. ಈಗ ಅದು ತಾಟಿನಿಂದ ಸೀದಾ ಆಯಿ ಕೈಗಿ ಹೋತು. ಆಯಿ ಕಲಗಿ ಮುಟ್ಟಿದ್ರು, ನವಿಲು ಅಂದ್ರು. ಗರಿ ಮುಟ್ಟಿದ್ರು. ಬಟ್ಟು ಮೆಲ್ಲಕ ಹಿಂದಕ್ಕ ಸರದ್ವು. ಸೇವಂತಿಗಿ ಕೆಳಗ ಬಿತ್ತು. ಬಟ್ಟು ಡುಬ್ಬ ಏರಿ, ಡುಬ್ಬ ಇಳದು, ಹಿಂದ ಕಾಲು ಎಣಿಸಿ ನಿಂತ್ವು.

"ಯವ್ವಾ, ನಿಮ್ಮ ದೊಡವಾಡ ಕಡೆ ನವಿಲಿಗಿ ಡುಬ್ಬ ಇರತೈತೇನು?" ಅಂದ್ರು ಆಯಿ.

ಬೀಗತಿ ನವಿಲ ಇಸಗೊಂಡು ತಿರುವಿದ್ರು. ಒಂಟಿ ಎಲ್ಲಾರಿಗೂ ಹಲ್ಲು ತೋರಿಸ್ತು. ಒಬ್ಬಾಕಿ ಸೆರಗು ಬಾಯಾಗ ತುರಕೊಂಡ್ಲು. ನಾ ಎದ್ದು ನಿಂತು, ಇದು ಈಗಿನ ಹೊಸಾ ಪದ್ಧತಿ ಐತ್ರಿ, ಪ್ಯಾಟಿಯಾಗ ಇದಕ್ಕ ಡಬಲ್ ಶೇಪ್ ಅಂತಾರ, ಒಂದ ಸಕ್ರ್ಯಾಗ ಎರಡು ಪ್ರಾಣಿ ಅಂತ ಶುರು ಮಾಡಿದೆ. ಯಾವ ಪ್ಯಾಟಿಯಾಗ ಅಂತ ಯಾರೋ ಕೇಳಿದ್ರು. ನಾ ಉತ್ತರ ಹುಡಕೂದರಾಗ ಅವ್ವ ಮಾತಾಡಿದ್ಲು. ಓಣ್ಯಾಗ ನಿಂತು ಕರದ್ರ ಹೊಲಕ್ಕ ಕೇಳಸೂ ದನಿ ಆಕಿದು. ಅವತ್ತ ಅದು ತಾಟಿನ ಅಂಚಿನಮಟಾನೂ ಬರಲಿಲ್ಲ. ತಪ್ಪು ತಿಳ್ಕೋಬ್ಯಾಡ್ರಿ ಬೀಗರ, ಗಡಿಬಿಡಿಯಾಗ ನಾ ನೋಡಲಿಲ್ಲ, ಮೊದಲನೇ ಆರತಿ ಹಿಂಗ ಆತು ಅಂದ್ಲು. ಸೆರಗಿನ ಅಂಚು ಕೈಬಟ್ಟಿಗಿ ಸುತ್ತಕೋತ ಅಂದ್ಲು.

ಅವ್ವ ನನಗ ಬೈದಿದ್ರ ತಡೀತಿದ್ದೆ, ಬೈಸಿಗೊಳ್ಳೂದು ನನಗ ರೂಢಿ ಐತಿ. ಆಕಿ ನನ್ನ ಸಲುವಾಗಿ ಇನ್ನೊಬ್ಬರ ಮುಂದ ಸಣ್ಣಾಕಿ ಆದದ್ದು ಆ ಸಕ್ರಿಕಿಂತ ಜೋರ ಗಂಟಲಾಗ ನಿಂತಿತು.

"ಅವ್ವಂದು ಏನೂ ತಪ್ಪಿಲ್ರಿ," ಅಂದೆ. "ದಾರ ಬಿಚ್ಚಬ್ಯಾಡ ಅಂದಿದ್ರು, ವಿಡಿಯೋ ಮಾಡಾಕ ನಾ ಬಿಚ್ಚಿದೆ. ಹೋಳು ಅದಲ ಬದಲ ಆದ್ವು. ಇಂಥಾದು ಇನ್ನೊಂದು ಇತ್ರಿ. ಅದನ್ನ ತಿಂದೇನಿ."

ಆಯಿ ನನ್ನ ದನಿ ಬಂದ ಕಡೆ ಮಾರಿ ತಿರುವಿದ್ರು.

"ಪೂರಾ ತಿಂದಿ?"

"ಹೂಂನ್ರಿ ಆಯಿ."

"ಒಂಟಿ ರುಚಿ ಇತ್ತೋ, ನವಿಲ ರುಚಿ ಇತ್ತೋ?"

ಎಲ್ಲಾರಿಕಿಂತ ಮೊದಲ ನಕ್ಕಿದ್ದು ವೈನಿ. ಮೆತ್ತಗ ನಗೂ ಹುಡುಗಿ ಅಂತ ತಿಳಕೊಂಡಿದ್ದೆ. ಇಲ್ಲ. ದಂಡಿ ಜಾರಿ ಕಿವಿ ಮ್ಯಾಲ ಬರೂವಂಗ, ಕಣ್ಣಾಗ ನೀರು ಬರೂವಂಗ, ಗೋಡಿ ಹಿಡಕೊಂಡು ನಕ್ಕಳು. ಆಕಿ ನಕ್ಕ ಕೂಡಲೇ ಪಡಸಾಲಿ ಎಲ್ಲಾ ನಕ್ಕಿತು, ಬೀಗತಿ ನಕ್ರು, ನೀಲವ್ವ ದೊಡ್ಡವ್ವ ನಾ ಹೇಳಿದ್ದೆ ನಾ ಹೇಳಿದ್ದೆ ಅನಕೋತ ನಕ್ಕಳು, ಕಡೀಕ ಅವ್ವನೂ ನನ್ನ ಕಡೆ ಕೆಂಗಣ್ಣು ಬಿಟಗೊಂಡ ನಕ್ಕಳು. ಸಂಜಿಕ ಗೌರಿಗಿ ಆರತಿ ಮಾಡಿ ಗೊಂಬಿ ಎಲ್ಲಾ ಓಣಿಯ ಮನಿಗಿ ಹಂಚತಾರ. ವೈನಿ ಕೈ ಚಾಚಿ, ಎಲ್ಲಾ ಹಂಚ್ರಿ, ಇದೊಂದ ನನಗ ಇರಲಿ ಅಂತ ಡುಬ್ಬದ ನವಿಲ ತಗೊಂಡು ಒಳಗ ಹೋದ್ಲು.

ಊಟಾದ ಮ್ಯಾಲ ನೀರು ಕುಡ್ಯಾಕ ಅಡಗಿ ಮನಿಗಿ ಹೋದೆ. ವೈನಿ ಒಬ್ಬಾಕಿನ ಇದ್ಲು. ಒಲಿ ಬಾಜೂಕ ಒಂದು ಬುಟ್ಟಿ ತುಂಬ ರೊಟ್ಟಿ. ಒಂದು ರೊಟ್ಟಿ ಕರ್ನಾಟಕದ ನಕಾಶಿ ಇದ್ದಂಗ ಇತ್ತು, ಇನ್ನೊಂದು ಆಮಿ ಇದ್ದಂಗ, ಮತ್ತೊಂದಕ್ಕ ಏನನ್ನಬೇಕು ನನ್ನ ಪುಟದಾಗ ಇರಲಿಲ್ಲ. ನಾ ಬುಟ್ಟಿ ನೋಡಿದ್ದನ್ನ ನೋಡಿ ವೈನಿ ಅದರ ಮ್ಯಾಲ ಅರಿವಿ ಮುಚ್ಚಿದ್ಲು. ಆಮ್ಯಾಲ ಏನನಸ್ತೋ, ಅರಿವಿ ತಗದು ಬುಟ್ಟಿ ನನ್ನ ಮುಂದ ಸರಿಸಿದ್ಲು.

"ಎರಡು ತಿಂಗಳಾತು ಬಡಿಯಾಕ ಹತ್ತೇನಿ, ದುಂಡಗ ಬರವಲ್ವು," ಅಂದ್ಲು. "ನಿಮ್ಮಣ್ಣ ದಿನಾ ಫೋನಿನ್ಯಾಗ ಹೇಳತಾರ, ನನ್ನ ತಂಗಿ ರೊಟ್ಟಿಗಿ ಮಾರ್ಕ್ಸ್ ಹಾಕತಾಳ, ಎತ್ತಿನ ಕೋಡಿನ್ಯಾಗೂ ತಪ್ಪು ತಗೀತಾಳ, ನಮ್ಮ ಮನಿಯಾಗ ಎಲ್ಲಾ ಶೇಪಿನ್ಯಾಗ ಇರಬೇಕು ಅಂತ. ಅವರಿಗಿ ಅದು ಚ್ಯಾಷ್ಟಿ. ನನಗ ಎದಿ ನಡಗತಿತ್ತು. ಒಂದೊಂದ ಸಲ ಈ ಮದವಿ ಬ್ಯಾಡ ಅಂತ ಹೇಳಿಬಿಡಲೇನು ಅನಸತಿತ್ತು."

ನಾ ಕೈಯಾಗಿನ ತಂಬಿಗಿ ಕೆಳಗಿಟ್ಟೆ. ಇಷ್ಟು ದಿನ ನಾ ಆ ಶಬ್ದಾ ಆಡಿದ್ದು ಮಂದಿ ನನ್ನ ನೋಡಿ ಹೌಹಾರಲಿ ಅಂತ. ಅರವತ್ತೆಪ್ಪತ್ತು ಕಿಲೋಮೀಟರ್ ದೂರ ಒಬ್ಬಾಕಿ ಖರೇನ ಹೌಹಾರಿ, ಹಿಟ್ಟು ಕಲಸಿ ಕಲಸಿ ಕೈ ಸುಟಗೊಂಡು ಕುಂತಿದ್ಲು. ನಿಶ್ಚಯದಾಗ ಆಕಿ ಎರಡು ಹೆಜ್ಜಿ ಹಿಂದ ಸರದದ್ದು ನನ್ನ ತೇಜಕ್ಕಲ್ಲ. ಆಮಿಯಂಥ ರೊಟ್ಟಿ ತಗೊಂಡು ಮುರದು ತಿಂದೆ. ಮೆತ್ತಗಿತ್ತು. ಅವ್ವನ ರೊಟ್ಟಿಕಿಂತ ಮೆತ್ತಗಿತ್ತು, ಇದನ್ನ ಅವ್ವಗ ಯಾರೂ ಹೇಳಬ್ಯಾಡ್ರಿ. ಇನ್ನೊಂದು ಹಾಕ್ರಿ ವೈನಿ ಅಂದೆ. ವೈನಿ ಕಟ್ಟಿ ಮ್ಯಾಲಿಂದ ನವಿಲ ಎತ್ತಿ, ಒಂದು ಸಲ ನವಿಲು, ಒಂದು ಸಲ ಒಂಟಿ ಅಂತ ತಿರುವಿ ನೋಡಿದ್ಲು.

"ತಾಟು ಇಟ್ಟ ಕೂಡಲೇ ನನಗ ಗೊತ್ತಾಗಿತ್ತು," ಅಂದ್ಲು. "ನಮ್ಮ ಮನಿಯಾಗೂ ವರ್ಷಾ ಮಾಡತೇವಿ, ಬಾಜೂಕ ಕೂಡಿಕಿ ಗೆರಿ ನೋಡಿದ್ರ ತಿಳೀತೈತಿ. ನೀ ಎಲ್ಲಾ ನಾನ ಮಾಡೇನಿ ಅಂದೆಲ್ಲಾ, ಆಗ ನನಗ ಎಷ್ಟ ಸಮಾಧಾನ ಆತು ಅಂತಿ. ಈಕಿ ಇರೂ ಮನಿಯಾಗ ನಾನೂ ಇರಬಹುದು ಅನಸ್ತು."

ಮಾಘದಾಗ ಮದವಿ ಆತು. ವೈನಿ ಈಗ ನಮ್ಮ ಮನಿಯಾಗ ಅದಾಳ. ರೊಟ್ಟಿ ಇನ್ನೂ ನಕಾಶಿನ ಅದಾವ, ಅಣ್ಣ ಇವತ್ತ ಯಾವ ಜಿಲ್ಲಾ ಅಂತ ಕೇಳಿ ಊಟಕ್ಕ ಕುಂದ್ರತಾನ, ಅವ್ವ ಬಾಯಿ ಮುಚಗೊಂಡು ತಿನ್ನೋ ಅಂತಾಳ. ಮಾರ್ಕ್ಸ್ ಹಾಕೂದನ್ನ ನಾ ಬಿಟ್ಟೇನಿ. ಬರೇ ಒಂದ ತ್ರಾಸು ಐತಿ. ನನ್ನ ಜೀವನದಾಗ ನಾ ಮಾಡಿದ ಎಲ್ಲಾಕಿಂತ ದೊಡ್ಡ ಕೆಲಸ ಅಂದ್ರ ಅದ ನವಿಲು. ಒಂದು ಮದವಿ ಉಳಿಸೇತಿ. ಅದನ್ನ ಊರ ತುಂಬ ಹೇಳಕೋಬೇಕಂದ್ರ ವೈನಿ ಅಂಜಿದ್ದು ಹೇಳಬೇಕು, ಅದನ್ನ ಯಾರ ಮುಂದೂ ಹೇಳೂದಿಲ್ಲ ಅಂತ ಆಕಿಗಿ ಮಾತು ಕೊಟ್ಟೇನಿ. ನನ್ನಂಥಾಕಿಗಿ ಇದಕಿಂತ ದೊಡ್ಡ ಶಿಕ್ಷಾ ಯಾವುದೈತಿ? ಇವತ್ತ ತಡಿಯಾಕ ಆಗದ ಫಿಸಿಕ್ಸ್ ನೋಟ್‌ಬುಕ್ಕಿನ ಹಿಂದಿನ ಹಾಳ್ಯಾಗ ಬರಿಯಾಕ ಕುಂತೆ. ಇಲ್ಲಿಮಟ ಬರದಿದ್ದೆ, ವೈನಿ ಚಾ ತಂದಿಟ್ಟು ನನ್ನ ಹೆಗಲ ಮ್ಯಾಲಿಂದ ಬಗ್ಗಿ, ಏನ ಬರಿಯಾಕ ಹತ್ತೀದಿ ಅಂತ ಕೇಳಿದ್ಲು. ಫಿಸಿಕ್ಸ್ ಅಂದೆ. ಫಿಸಿಕ್ಸಿನ್ಯಾಗ ಒಂಟಿ ಯಾವಾಗ ಬಂತು ಅಂದ್ಲು. ಆಮ್ಯಾಲ ಚಾದ ಕಪ್ಪು ನನ್ನ ಕಡೆ ಸರಿಸಿ, "ಬರೀಯವ್ವಾ, ಒಂಟಿ ಬರಿ, ನವಿಲ ಬರಿ. ನಾ ಅಂಜಿದ್ದ ಅಷ್ಟ ಬಿಟ್ಟ ಬಿಡು," ಅಂದ್ಲು.

ಬಿಟ್ಟೇನಿ ವೈನಿ ಅಂದೆ.